ಲೂವ್ರ್ ಅಬುಧಾಬಿ: ಫಲಕದ ಕೊನೆಯ ಸಾಲನ್ನೂ ಓದಿ

ಸಾದಿಯಾತ್ ದ್ವೀಪದ ಈ ಮ್ಯೂಸಿಯಂಗೆ ಹೋದವರೆಲ್ಲ ಗುಮ್ಮಟದ ಫೋಟೊ ತೆಗೆಯುತ್ತಾರೆ. ತೆಗೆಯಬೇಕಾದ್ದೇ. ವ್ಯಾಸ 180 ಮೀಟರ್, ತೂಕ ಸುಮಾರು 7,500 ಟನ್. ಹೊತ್ತಿರುವುದು ನಾಲ್ಕೇ ಕಂಬ, ಅವೂ ಕಟ್ಟಡಗಳೊಳಗೆ ಅಡಗಿವೆ. ಜಾಲರಿ ಎಂಟು ಪದರ: ಹೊರಗಿನ ನಾಲ್ಕು ಸ್ಟೇನ್‌ಲೆಸ್ ಸ್ಟೀಲ್, ಒಳಗಿನ ನಾಲ್ಕು ಅಲ್ಯೂಮಿನಿಯಂ. ಮೇಲಿನ ಸಂದಿಯಲ್ಲಿ ನುಸುಳಿದ ಬಿಸಿಲು ಕೆಳಗಿನ ಪದರಕ್ಕೆ ತಾಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೆಲ್ಲೋ ತೂರಿ ನೆಲದ ಮೇಲೆ ಚುಕ್ಕಿಯಾಗುತ್ತದೆ. ದೂಳು ಕವಿದ ದಿನವೋ ಹೊತ್ತಿಳಿದ ಮೇಲೋ ಹೋದರೆ ಈ ಆಟ ಸಿಗದು, ನಡುಹಗಲೇ ಸರಿ.

ಒಳಗೆ ಪ್ರತಿ ಕೃತಿಯ ಪಕ್ಕದ ಫಲಕದಲ್ಲಿ ಅದರ ಒಡೆಯರು ಯಾರೆಂದು ಬರೆದಿರುತ್ತದೆ. ಅದನ್ನು ಬಿಡಬೇಡಿ. 'ಲೂವ್ರ್ ಅಬುಧಾಬಿ' ಎಂದಿದ್ದರೆ ಕೊಂಡದ್ದು. ಓರ್ಸೆ, ವರ್ಸೈಯಂಥ ಫ್ರೆಂಚ್ ಮ್ಯೂಸಿಯಂಗಳ ಹೆಸರಿದ್ದರೆ ಫ್ರಾನ್ಸಿನಿಂದ ಎರವಲು. ಹೆಸರೇ ಎರವಲು ಅನ್ನಿ: 2007ರ ಒಪ್ಪಂದದಲ್ಲಿ ಪ್ಯಾರಿಸ್ಸಿನ ಮ್ಯೂಸಿಯಂನ 'ಲೂವ್ರ್' ಎಂಬ ಹೆಸರನ್ನು ಮೂವತ್ತು ವರ್ಷ ಬಳಸಲು ನಿಗದಿಯಾದ ಮೊತ್ತ 40 ಕೋಟಿ ಯೂರೊ. 2021ರಲ್ಲಿ ಇನ್ನೂ 16.5 ಕೋಟಿ ಕೊಟ್ಟು ಅವಧಿಯನ್ನು 2047ರವರೆಗೆ ಬೆಳೆಸಿದರು. ಇಲ್ಲಿ ತೈಲದ ಮಾತೂ ಬರುತ್ತದೆ: ಇಂದು ಟೋಟಲ್‌ಎನರ್ಜೀಸ್ ಎನಿಸಿಕೊಂಡ ಫ್ರೆಂಚ್ ಕಂಪನಿ ಅಬುಧಾಬಿಯ ತೈಲಕ್ಕೆ ಕೈಹಾಕಿದ್ದು 1939ರಲ್ಲಿ. 2015ರಲ್ಲಿ ಅದಕ್ಕೆ ಇಲ್ಲಿನ ನೆಲದ ಮೇಲಿನ ಬಾವಿಗಳಲ್ಲಿ 40 ವರ್ಷಕ್ಕೆ ಶೇ 10 ಪಾಲು ಸಿಕ್ಕಿತು. ಇವು ಬೇರೆ ಬೇರೆ ಕರಾರುಗಳು, ನಿಜ. ಆದರೆ ಹೆಸರಿಗೆ ಇಷ್ಟು ಬಾಡಿಗೆ ಕಟ್ಟುವ ತಾಕತ್ತು ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ. ರೇಷ್ಮೆ, ಪಿಂಗಾಣಿಗಳ ವ್ಯಾಪಾರದ ಬಗ್ಗೆ ಅಷ್ಟು ಬಿಡುಬೀಸಾಗಿ ಮಾತಾಡುವ ಕೋಣೆಗಳು ತೈಲದ ವಿಷಯಕ್ಕೆ ಬಂದಾಗ ಬಾಯಿ ಬಿಗಿಹಿಡಿಯುತ್ತವೆ. ನನ್ನ ದೊಡ್ಡ ತಕರಾರು ಇದೇ.

ಎರವಲು ಕೃತಿಗಳು ಬದಲಾಗುತ್ತಲೇ ಇರುತ್ತವೆ. 2017ರಲ್ಲಿ ಬಾಗಿಲು ತೆರೆದಾಗ ಇದ್ದ ಲಿಯೊನಾರ್ಡೊ ಚಿತ್ರ ಪ್ಯಾರಿಸ್ಸಿಗೆ ಮರಳಿದೆ. ಹಳೆಯ ಫೋಟೊ ನಂಬಿ ಹೋದವರು ನಿರಾಶರಾಗುವುದು ಇಲ್ಲೇ. ಯಾವುದೋ ಒಂದೇ ಚಿತ್ರಕ್ಕಾಗಿ ಹೋಗುವುದಾದರೆ ವೆಬ್‌ಸೈಟ್ ನೋಡಿ ಹೊರಡಿ. ಚೋಳರ ಕಾಲದ ಕಂಚಿನ ನಟರಾಜ, ಡಚ್ ಚಿತ್ರಕಾರ ಮೊಂಡ್ರಿಯಾನ್‌ನ 1922ರ ಚಿತ್ರ ಈ ಮ್ಯೂಸಿಯಂನದೇ ಸ್ವತ್ತು.

ಪ್ರದರ್ಶನದಲ್ಲಿ ಕಾಲಾನುಕ್ರಮದ ಹನ್ನೆರಡು ಅಧ್ಯಾಯಗಳಿವೆ. ಮೊದಲ ಮೂರರಲ್ಲೇ ಕಾಲು ಸೋತರೆ, ಕೊನೆಯಲ್ಲಿರುವ ಚೀನೀ ಕಲಾವಿದ ಐ ವೈವೈ ಅವರ ಗೋಪುರದಂಥ ದೀಪದ ಎದುರು ಆಕಳಿಕೆ ಬರುತ್ತದೆ. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ನಡುವೆ ಒಮ್ಮೆ ಗುಮ್ಮಟದಡಿಗೆ ಬಂದು ಕೂರಿ. ಅಮೆರಿಕದ ಕಲಾವಿದೆ ಜೆನಿ ಹೋಲ್ಜರ್ ಕಲ್ಲಿನಲ್ಲಿ ಕೆತ್ತಿಸಿದ ಗೋಡೆಬರಹಗಳೂ ಇಲ್ಲಿವೆ. ಒಂದು ಇತಿಹಾಸಕಾರ ಇಬ್ನ್ ಖಲ್ದೂನನ ಅರಬ್ಬಿ ಪಠ್ಯ, ಇನ್ನೊಂದು ಪ್ರಬಂಧಕಾರ ಮೊಂತೇನ್‌ನ ಫ್ರೆಂಚ್.

ಸೋಮವಾರ ರಜೆ. 18ರೊಳಗಿನವರಿಗೆ ಟಿಕೆಟ್ ಬೇಡ.