ಟ್ಯಾಬ್ಲೆಟ್ ಆಟವೋ, ಮೈ ಅಲುಗಿಸುವ ಆಟವೋ?

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ, ಸಮತೋಲನ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವಿಗೆ ಥೆರಪಿ ಜೊತೆ ಡಿಜಿಟಲ್ ಆಟವನ್ನೂ ಸೇರಿಸಬೇಕೆಂದರೆ ಸಾಮಾನ್ಯವಾಗಿ ಎರಡು ದಾರಿ: ಬೆರಳಲ್ಲಿ ಆಡುವ ಟ್ಯಾಬ್ಲೆಟ್, ಇಲ್ಲವೇ ಟಿವಿಗೆ ಜೋಡಿಸಿ, ನಿಂತು ಮೈ ಅಲುಗಿಸಿ ಆಡುವ ನಿಂಟೆಂಡೊ ವೀ ಥರದ ವಿಡಿಯೊ ಗೇಮ್ ಯಂತ್ರ.

2006ರಲ್ಲಿ ಬಂದ ವೀಗೆ ಆಮೇಲೆ ಒಂದು ಬ್ಯಾಲೆನ್ಸ್ ಬೋರ್ಡ್ ಸೇರಿತು. ನೋಡಲು ತೂಕದ ಯಂತ್ರದಂತೆಯೇ, ನಾಲ್ಕು ಕಡೆ ಸೆನ್ಸರ್. ಮಗು ಎಡಗಾಲಿಗೆ ಭಾರ ಹಾಕಿದರೆ ಪರದೆಯ ಮೇಲಿನ ಗೊಂಬೆಯೂ ಎಡಕ್ಕೆ ವಾಲುತ್ತದೆ. ಒಂದೇ ಕಾಲನ್ನು ನೆಚ್ಚಿಕೊಂಡು ನಿಲ್ಲುವ ಮಗುವಿಗೆ "ಆ ಕಾಲೂ ಊರು ಪುಟ್ಟಾ" ಎಂದು ಮತ್ತೆ ಮತ್ತೆ ಹೇಳುವ ಕಷ್ಟ ಕಡಿಮೆ. ಆದರೆ ಬೀಳದಂತೆ ಹಿಂದೆ ಒಬ್ಬರು ನಿಂತಿರಲೇಬೇಕು. ಯಂತ್ರದ ತಯಾರಿಕೆಯೂ ನಿಂತಿದೆ, ಹುಡುಕಿದರೆ ಸೆಕೆಂಡ್ ಹ್ಯಾಂಡ್. ಇನ್ನೊಂದು: ಕೈಯ ಚಲನೆ ಗುರುತಿಸುವ ವೀ ರಿಮೋಟ್ ಹಿಡಿದು ಆಡುವ ಆಟಗಳಲ್ಲಿ ಜಾಣ ಮಕ್ಕಳು ತೋಳೆತ್ತದೆ, ಮಣಿಕಟ್ಟು ತಿರುಗಿಸಿಯೇ ಗೆದ್ದುಬಿಡುತ್ತಾರೆ!

ಟ್ಯಾಬ್ಲೆಟ್ ಸುಲಭ. ನಿಲ್ಲಲಾಗದ ಮಗುವೂ ಆಡಬಹುದು, ಬೆರಳಿಗೆ ಕೆಲಸ ಸಿಗುತ್ತದೆ. ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್ (ಒಂದೇ ಆ್ಯಪ್‌ನಲ್ಲಿ ಕಟ್ಟಿಹಾಕುವ ಸೆಟ್ಟಿಂಗ್) ಹಾಕಿಟ್ಟರೆ ಆಟ ಬಿಟ್ಟು ಯೂಟ್ಯೂಬ್‌ಗೆ ಜಾರುವುದೂ ತಪ್ಪುತ್ತದೆ. ತೊಂದರೆ ಏನೆಂದರೆ, ಚೆನ್ನಾಗಿರುವ ಕೈಯೇ ಎಲ್ಲ ಕೆಲಸ ಮಾಡಿ ಮುಗಿಸುತ್ತದೆ. ಸೋತ ಕೈ ಮಡಿಲಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ದೊಡ್ಡವರು ಕೂರದಿದ್ದರೆ ಅದು ಬರೀ ಹೊತ್ತು ಕಳೆಯುವ ಆಟ.

ಹಿಡಿದುಕೊಂಡಾದರೂ ನಿಲ್ಲುವ ಮಗುವಾದರೆ ನನ್ನ ಮತ ಬೋರ್ಡಿಗೆ, ಇಲ್ಲದಿದ್ದರೆ ಟ್ಯಾಬ್ಲೆಟ್. ಫಿಟ್ಸ್ ಇರುವ ಮಗುವಿಗೆ ಮಾತ್ರ ಎರಡಕ್ಕೂ ಮೊದಲು ನರರೋಗ ವೈದ್ಯರ ಒಪ್ಪಿಗೆ ಬೇಕು, ಮಿನುಗುವ ಪರದೆ ಕೆಲವರಿಗೆ ಆಗಿಬರುವುದಿಲ್ಲ.