ಹೇಳುವವರ ಮುಖವೋ, ಹಳೇ ಫೂಟೇಜೋ: ಒಂದೇ ಕಥೆಗೆ ಎರಡು ಎಡಿಟ್

ನಮ್ಮ ಸೋದರಮಾವ 1971ರ ಯುದ್ಧದಲ್ಲಿದ್ದವರು. ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಸೈನ್ಯದ ಎಂಜಿನಿಯರ್ ಪಡೆ. ಹೆಸರಲ್ಲಿ ಮದ್ರಾಸ್ ಇದ್ದರೂ ಅದರ ಸೆಂಟರ್ ಇರುವುದು ಬೆಂಗಳೂರಿನ ಹಲಸೂರಿನಲ್ಲಿ. ನೆಲದಲ್ಲಿ ಹೂತಿಟ್ಟ ಮೈನ್ ಹುಡುಕಿ ತೆಗೆದು, ಹಿಂದೆ ಬರುವ ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಡುವುದು ಮಾವನ ಕೆಲಸ. ಈಗ ಅವರಿಗೆ 75 ದಾಟಿದೆ. ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ ನೋಡಿಕೊಂಡಿದ್ದಾರೆ. ಅವರ ಮಾತನ್ನಿಟ್ಟುಕೊಂಡು 20 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಬೇಕು ಅಂತ ನನಗೆ ಬಹಳ ದಿನದ ಆಸೆ. ರೆಕಾರ್ಡ್ ಮುಗಿಸಿ ಎಡಿಟಿಂಗ್‌ಗೆ ಕೂತಾಗ ಎದುರಾದ ಮೊದಲ ಪ್ರಶ್ನೆಯೇ ಇದು: ತೆರೆ ಮೇಲೆ ಏನು ಕಾಣಬೇಕು? ಮಾವನ ಮುಖವೋ, ಆ ಯುದ್ಧದ ಹಳೇ ಫೂಟೇಜೋ?

ಎರಡನ್ನೂ ಮಾಡಿ ನೋಡೇಬಿಡೋಣ ಅಂದುಕೊಂಡೆ. ಮಾತು ಒಂದೇ, ಎಡಿಟ್ ಎರಡು. ಮೊದಲನೆಯದರಲ್ಲಿ ಮಾವ ಮಾತ್ರ. ಎರಡನೆಯದರಲ್ಲಿ ಮಾವನ ದನಿ ಕೇಳುತ್ತದೆ, ಚಿತ್ರವೆಲ್ಲ 1971ರ ಸುದ್ದಿಚಿತ್ರಗಳದ್ದು.

ಹಾಸನದಲ್ಲಿ ಗೆಳೆಯರ ಮನೆಯಲ್ಲಿ ಎರಡನ್ನೂ ಹಾಕಿದೆ. ನೋಡಲು ಕೂತವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ. ಮುಖದ ಎಡಿಟ್ ಆರನೇ ನಿಮಿಷಕ್ಕೆ ಬರುವಷ್ಟರಲ್ಲಿ ಇಬ್ಬರು ಫೋನ್ ತೆಗೆದರು. ಫೂಟೇಜ್ ಎಡಿಟ್ ಓಡುವಾಗ ಒಬ್ಬರೂ ಅಲುಗಾಡಲಿಲ್ಲ. ಟ್ಯಾಂಕ್, ಧೂಳು, ಹೊಗೆ, ಕಪ್ಪುಬಿಳುಪು ಚಿತ್ರ: ಕಣ್ಣು ಕೀಳಲು ಆಗುವುದಿಲ್ಲ. ಗೊತ್ತಿಲ್ಲದ ಒಬ್ಬ ಅಜ್ಜ ಜಗಲಿ ಮೇಲೆ ಕೂತು ಮಾತಾಡುವುದನ್ನು ಇಪ್ಪತ್ತು ನಿಮಿಷ ನೋಡುವುದು ಸುಲಭ ಅಲ್ಲ, ಅದನ್ನು ನಾನು ಒಪ್ಪುತ್ತೇನೆ. ಅವತ್ತು ರಾತ್ರಿ ಫೂಟೇಜ್ ಎಡಿಟನ್ನೇ ಅಂತಿಮ ಮಾಡುವುದು ಅಂತ ತೀರ್ಮಾನಿಸಿದ್ದೆ.

ಮುಂದಿನ ಭಾನುವಾರ ಮಾವನಿಗೆ ತೋರಿಸಿದೆ. ಮೂರು ನಿಮಿಷ ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಇದ್ಯಾವ ಜಾಗ ಮಗ? ಇಲ್ಲೆಲ್ಲಾ ಮರಳಿದೆ. ನಾವಿದ್ದ ಕಡೆ ಮರಳೆಲ್ಲಿತ್ತು? ಕಬ್ಬಿನ ಗದ್ದೆ, ಆಳೆತ್ತರದ ಹುಲ್ಲು, ಕಾಲಿಟ್ಟರೆ ಹೂತುಕೊಳ್ಳೋ ಕೆಸರು."

ಅವರು ಹೇಳಿದ್ದು ನಿಜ. ಮಾವ ಇದ್ದದ್ದು ಗಡಿಯಾಚೆ ಪಾಕಿಸ್ತಾನದ ಶಕರ್‌ಗಢದ ಕಡೆ, ಬಸಂತರ್ ನದಿಯ ಹತ್ತಿರ. ಅದು ಪಂಜಾಬಿನ ಬಯಲು. ನಾನು ಹಾಕಿದ್ದು ರಾಜಸ್ಥಾನದ ಮರಳುಗಾಡಿನ ಟ್ಯಾಂಕ್‌ಗಳು. ಅದೇ ಯುದ್ಧ, ಅದೇ ಡಿಸೆಂಬರ್, ಸಾಕು ಅಂದುಕೊಂಡಿದ್ದೆ. ಮಾವನ ಪಾಲಿಗೆ ಅದು ಬೇರೆಯವರ ಯುದ್ಧ. ಅವರ ದನಿ ಅವರದ್ದಲ್ಲದ ನೆಲದ ಮೇಲೆ ಹರಿಯುತ್ತಿತ್ತು. ಫಿರಂಗಿ ಸದ್ದನ್ನೂ ನಾನೇ ಸೇರಿಸಿದ್ದೆ. "ಸದ್ದು ಇರ್ಲಿಲ್ಲ ಅಂತಲ್ಲ," ಅಂದರು ಮಾವ, "ನಮಗೆ ಕೇಳ್ತಿರ್ಲಿಲ್ಲ. ಕಬ್ಬಿಣ ತಾಗ್ತಾ ಇಲ್ವಾ ಅಂತ ಕೈಯೇ ಕಿವಿ ಆಗಿತ್ತು ಕಣಪ್ಪ."

ಹಳೇ ಫೂಟೇಜ್ ಅಂದರೆ ನಿಜ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. 1916ರಲ್ಲಿ, ಮೊದಲ ಮಹಾಯುದ್ಧದ ಸೋಮ್ ಕದನ ಫ್ರಾನ್ಸಿನಲ್ಲಿ ಇನ್ನೂ ನಡೆಯುತ್ತಿರುವಾಗಲೇ ಅದರ ಚಿತ್ರ ಬ್ರಿಟನ್ನಿನ ಥಿಯೇಟರ್‌ಗಳಿಗೆ ಬಂತು. ಕೋಟಿಗಟ್ಟಲೆ ಟಿಕೆಟ್ ಹೋಯಿತು. ಅದರಲ್ಲಿ ಸೈನಿಕರು ಕಂದಕದಿಂದ ಹತ್ತಿ ಹೊರಡುವ, ಕೆಲವರು ಅಲ್ಲೇ ಕುಸಿಯುವ ದೃಶ್ಯವನ್ನು ಜನ ಇವತ್ತಿಗೂ ಯುದ್ಧದ ಚಿತ್ರ ಅಂತಲೇ ನೋಡುತ್ತಾರೆ. ಅದನ್ನು ತೆಗೆದದ್ದು ರಣರಂಗದ ಹಿಂದೆ, ತರಬೇತಿಯ ಜಾಗದಲ್ಲಿ. ಆಗಿನ ಕ್ಯಾಮೆರಾ ಭಾರ, ಸ್ಟ್ಯಾಂಡ್ ಬೇಕು, ಕೈಯಲ್ಲಿ ತಿರುಗಿಸಬೇಕು. ಗುಂಡು ಹಾರುವ ಕಡೆ ತಲೆ ಎತ್ತಿ ನಿಂತು ಚಿತ್ರ ತೆಗೆಯಲು ಯಾರಿಂದಾಗುತ್ತಿತ್ತು? 1971ಕ್ಕೆ ಬಂದರೂ ಕತ್ತಲಲ್ಲಿ ಮೈನ್ ತೆಗೆಯುವವರ ಪಕ್ಕ ಕ್ಯಾಮೆರಾ ಇರಲಿಲ್ಲ. ಡಾಕಾದಲ್ಲಿ ಡಿಸೆಂಬರ್ 16ರಂದು ಶರಣಾಗತಿಯ ಕಾಗದಕ್ಕೆ ಸಹಿ ಬೀಳುವಾಗ ಮಾತ್ರ ಸುತ್ತಲೂ ಕ್ಯಾಮೆರಾ.

ಆದರೂ ಫೂಟೇಜ್ ಮಾತ್ರ ಕೊಡಬಲ್ಲದ್ದು ಒಂದಿದೆ. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಮಾವ ಒಂದು ಮಾತಲ್ಲಿ, "ಪಾಪ, ಅಲ್ಲಿಯ ಜನ ಊರು ಬಿಟ್ಟು ಬಂದಿದ್ರಂತೆ" ಅಂದು ಮುಂದೆ ಹೋದರು. ಅವರು ಅದನ್ನು ಕಂಡವರಲ್ಲ. ಕಲ್ಕತ್ತಾ ಹೊರವಲಯದಲ್ಲಿ ದೊಡ್ಡ ಸಿಮೆಂಟ್ ಪೈಪುಗಳ ಒಳಗೇ ಸಂಸಾರ ಹೂಡಿದವರ ಚಿತ್ರ ನೋಡಿ. ಪೈಪಿನ ಬಾಯಲ್ಲಿ ಒಲೆ, ಬಟ್ಟೆ ಒಣಗಿಸಿದ ಹಗ್ಗ, ಹಿಂದೆ ಕತ್ತಲಲ್ಲಿ ಮಲಗಿದ ಮಕ್ಕಳು. ಆ ಸಾಲು ಮುಗಿಯುವುದೇ ಇಲ್ಲ. ಅಲ್ಲಿ ಯಾರ ದನಿಯನ್ನೂ ಸೇರಿಸಬಾರದು ಅನ್ನಿಸಿತು ನನಗೆ.

ಈಗ ಮಾವನ ಮುಖದ ಎಡಿಟ್‌ಗೆ ಬರುತ್ತೇನೆ. ರೆಕಾರ್ಡ್ ಮಾಡಿದ್ದು ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ಸಮಯ. ಅಂಗಳದ ಕಣದಲ್ಲಿ ಕಾಫಿ ಹರವಿತ್ತು. ಮೈನ್ ಹುಡುಕುವುದು ಹೇಗೆ ಅಂತ ಕೇಳಿದೆ. ಮಾವ ಬಾಯಲ್ಲಿ ಹೇಳಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಎದ್ದು ಒಂದು ಕಡ್ಡಿ ತಗೊಂಡು ಕಣದ ಅಂಚಲ್ಲಿ ಮೊಣಕಾಲೂರಿದರು. ಕಡ್ಡಿಯನ್ನು ನೆಟ್ಟಗೆ ಚುಚ್ಚಲಿಲ್ಲ, ಓರೆಯಾಗಿ ಹಣ್ಣಿನ ಅಡಿಗೆ ಮೆಲ್ಲಗೆ ಜಾರಿಸಿದರು. "ಮೇಲಿಂದ ಒತ್ತಿದ್ರೆ ಸಿಡಿಯುತ್ತೆ. ಪಕ್ಕದಿಂದ ಹೋಗಿ ಮುಟ್ಟಬೇಕು." ಒಂದು ಚುಚ್ಚು, ಬೆರಳಷ್ಟು ಸರಿದು ಇನ್ನೊಂದು. ನಾಲ್ಕೈದು ಸಲ ಮಾಡಿದ ಮೇಲೆ ಕೈ ನಿಂತಿತು. ಕಡ್ಡಿ ಅಲ್ಲೇ ಇತ್ತು, ಮಾವ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಮಲಗಿ ಚುಚ್ಚುತ್ತಿದ್ದವನು ಅವತ್ತು ವಾಪಸ್ ಬರಲಿಲ್ಲ ಅಂತ ಆಮೇಲೆ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇಷ್ಟು ವರ್ಷದಲ್ಲಿ ಇದನ್ನ ನಂಗೇ ಹೇಳಿರ್ಲಿಲ್ಲ" ಅಂದರು.

ಫೂಟೇಜ್ ಎಡಿಟ್‌ನಲ್ಲಿ ಈ ಜಾಗದಲ್ಲಿ ಟ್ಯಾಂಕ್ ಓಡುತ್ತಿತ್ತು. ಆ ಕೈಯನ್ನು ನಾನೇ ಮುಚ್ಚಿಹಾಕಿದ್ದೆ.

ಕ್ಲಾಡ್ ಲಾನ್ಸ್‌ಮನ್ ಮಾಡಿದ 'ಶೋಆ' ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ನಾಜಿಗಳು ಮಾಡಿದ ಯಹೂದಿಗಳ ನರಮೇಧದ ಬಗ್ಗೆ 1985ರ ಸಾಕ್ಷ್ಯಚಿತ್ರ, 9 ಗಂಟೆಗೂ ಜಾಸ್ತಿ, ಹಳೇ ಫೂಟೇಜಿನ ಒಂದು ತುಣುಕೂ ಇಲ್ಲ. ಟ್ರೆಬ್ಲಿಂಕಾ ಎಂಬ ನಾಜಿ ಶಿಬಿರದಲ್ಲಿ ಗ್ಯಾಸ್ ಕೋಣೆಗೆ ಹೋಗುವ ಹೆಂಗಸರ ಕೂದಲು ಕತ್ತರಿಸಬೇಕಾಗಿ ಬಂದಿದ್ದ ಅಬ್ರಹಾಂ ಬೊಂಬಾ ಅವರನ್ನು ನಿರ್ದೇಶಕ ಬೇಕಂತಲೇ ಒಂದು ಕ್ಷೌರದ ಅಂಗಡಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಕೈಯಲ್ಲಿ ಕತ್ತರಿ ಇದೆ, ಮುಂದೆ ಒಬ್ಬರು ಕೂತಿದ್ದಾರೆ. ಮಾತು ಒಂದು ಕಡೆ ನಿಂತೇಹೋಗುತ್ತದೆ. ಅದೇ ವಿಷಯಕ್ಕೆ ಅಲೆನ್ ರೆನೆ 1956ರಲ್ಲಿ 'ನೈಟ್ ಅಂಡ್ ಫಾಗ್' ಮಾಡಿದ್ದರು, ಬರೀ 32 ನಿಮಿಷ. ಹಳೇ ಫೂಟೇಜನ್ನು ಖಾಲಿ ಬಿದ್ದ ಶಿಬಿರಗಳ ಬಣ್ಣದ ಚಿತ್ರದ ಪಕ್ಕ ಇಟ್ಟರು. ಅದು ಗುದ್ದಿದ ಹಾಗಾಗುತ್ತದೆ. ಬೊಂಬಾ ಅವರ ಕೈ ಮಾತ್ರ ತಿಂಗಳುಗಟ್ಟಲೆ ನನ್ನ ಜೊತೆ ಇತ್ತು. ಎರಡನ್ನೂ ಬೆರೆಸಿದ್ದು ಪೀಟರ್ ಜಾಕ್ಸನ್ ಅವರ 2018ರ 'ದೇ ಶಲ್ ನಾಟ್ ಗ್ರೋ ಓಲ್ಡ್': ಮೊದಲ ಮಹಾಯುದ್ಧದ ಚಿತ್ರಕ್ಕೆ ಬಣ್ಣ ಹಾಕಿ, ಅದರ ಮೇಲೆ ಯೋಧರ ದನಿ. ಬಹಳ ಚೆನ್ನಾಗಿದೆ. ಆದರೆ ಯಾರ ಮಾತು, ಯಾವ ಜಾಗ, ಯಾವ ದಿನ ಅಂತ ತೆರೆ ಮೇಲೆ ಬರುವುದೇ ಇಲ್ಲ. ಮಾವನ ಮರಳಿನ ಪ್ರಶ್ನೆ ಕೇಳಿದ ಮೇಲೆ ನನಗೆ ಅದನ್ನು ಮೊದಲಿನಷ್ಟು ನಂಬಲು ಆಗುತ್ತಿಲ್ಲ.

ಹಾಗಂತ ನೆನಪು ಹೇಳಿದ್ದೆಲ್ಲ ಸರಿ ಅಂತಲ್ಲ. ಡಿಸೆಂಬರ್ 15ರ ರಾತ್ರಿ ಬಸಂತರ್ ದಾಟುವಾಗ ಹಾಲಿನಂಥ ಬೆಳದಿಂಗಳಿತ್ತು, ಮೈಮೇಲೆ ಬಟ್ಟೆ ಇಲ್ಲದ ಹಾಗೆ ಅನ್ನಿಸುತ್ತಿತ್ತು ಅಂದಿದ್ದರು ಮಾವ. ಚೆನ್ನಾದ ಮಾತು. ಆದರೆ ಹಳೇ ಪಂಚಾಂಗ ತೆಗೆಸಿ ನೋಡಿದರೆ 17ಕ್ಕೆ ಅಮಾವಾಸ್ಯೆ, ಹುಣ್ಣಿಮೆ 2ಕ್ಕೇ ಆಗಿಹೋಗಿದೆ. 15ರ ರಾತ್ರಿ ಕಗ್ಗತ್ತಲು. ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿ ಹೇಳಿದೆ. ಮಾವ ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಅದು ಮೊದಲ ಸಲ ಗಡಿ ದಾಟಿದ ರಾತ್ರಿ ಇರ್ಬೇಕು" ಅಂದರು. ಆ ಕಡೆ ನಮ್ಮ ಸೈನ್ಯ ಒಳಗೆ ಹೊರಟದ್ದು 5ರ ರಾತ್ರಿ. ಅವತ್ತು ಬೆಳದಿಂಗಳಿತ್ತು. ಐವತ್ತು ವರ್ಷದಲ್ಲಿ ಎರಡು ರಾತ್ರಿ ಸೇರಿ ಒಂದಾಗಿದ್ದವು.

ತಪ್ಪುವ ನೆನಪೇ ಆದರೂ, ಅದೊಂದೇ ಗತಿ ಅನ್ನುವ ಸಂದರ್ಭಗಳಿವೆ. ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ವಾಪಸ್ ಬರಲಿಲ್ಲ. ತಮ್ಮ ಮಿಸ್ಟೀರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಜೊತೆ ಹೋರಾಡಿ ಅದನ್ನು ಉರುಳಿಸಿದ್ದರು. ಫೂಟೇಜ್ ಇಲ್ಲ, ನಮ್ಮ ಕಡೆ ನೋಡಿದವರಿಲ್ಲ. ಗೊತ್ತಾಗಿದ್ದು ಆ ಸ್ಟಾರ್‌ಫೈಟರ್‌ನ ಪಾಕಿಸ್ತಾನಿ ಪೈಲಟ್ ಹೇಳಿದ್ದರಿಂದ, 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಲ್ಲಿ ಅದು ಅಚ್ಚಾದ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಈಗ ಮೂರನೇ ಎಡಿಟ್ ಮಾಡುತ್ತಿದ್ದೇನೆ. ಮಾವ ಮಾತಾಡುವಾಗ ಮಾವನೇ ಕಾಣುತ್ತಾರೆ, ಮೇಲೆ ಏನನ್ನೂ ಮುಚ್ಚುವುದಿಲ್ಲ. ಫೂಟೇಜ್ ಎರಡೇ ಕಡೆ, ಎರಡಕ್ಕೂ ಜಾಗ ಮತ್ತು ತಿಂಗಳು ಬರೆದು. ಅದು ಓಡುವಾಗ ಯಾರ ಮಾತೂ ಇಲ್ಲ, ಸೇರಿಸಿದ ಸದ್ದೂ ಇಲ್ಲ. ಉದ್ದ 20 ನಿಮಿಷದಿಂದ 14ಕ್ಕೆ ಇಳಿದಿದೆ. ಹುಡುಗರು ಫೋನ್ ತೆಗೆದ ಆರನೇ ನಿಮಿಷಕ್ಕೆ ಈಗ ಕಾಫಿ ಕಣದ ಕಡ್ಡಿ ಬರುತ್ತದೆ.

ಬೆಳದಿಂಗಳ ಮಾತನ್ನು ತೆಗೆದುಬಿಡಲಾ ಅಂತ ಮಾವನನ್ನು ಕೇಳಿದೆ. "ಬೇಡ, ಇರಲಿ. ನಾನು ಹಂಗೇ ಹೇಳಿದ್ದು," ಅಂದರು. "ಅಮಾವಾಸ್ಯೆ ಅಂತ ಕೆಳಗೆ ಬರಿ."