ಬಿಚ್ಚಿ ಜೋಡಿಸುವ ಐಆರ್ ಲಿಕ್ವಿಡ್ ಸೆಲ್: ಕ್ಯಾವಿಟಿ ಪ್ರಯೋಗಕ್ಕೆ ಇಷ್ಟೇ ಸಾಕೇ?

ದ್ರಾವಣಗಳ ಐಆರ್ (ಅವಗೆಂಪು) ರೋಹಿತ ತೆಗೆಯಲು ಎಲ್ಲ ಕಡೆ ಬಳಸುವ ಲಿಕ್ವಿಡ್ ಸೆಲ್ ಇದು: ಎರಡು ಕಿಟಕಿಗಳ ನಡುವೆ ದ್ರವದ ತೆಳು ಪದರ ಹಿಡಿಯುವ ಚೌಕಟ್ಟು. ಕಿಟಕಿಗಳ ಒಳಮೈಗೆ 10 ನ್ಯಾನೊಮೀಟರ್ ಚಿನ್ನ, ಅದರ ಮೇಲೆ ಸಿಲಿಕಾದ ತೆಳು ಪದರ ಕೊಟ್ಟು, ನಡುವೆ 6 ಮೈಕ್ರಾನ್ ಮೈಲಾರ್ ಸ್ಪೇಸರ್ (ಅಂತರ ಕಾಯುವ ಪ್ಲಾಸ್ಟಿಕ್ ಹಾಳೆ) ಇಟ್ಟರೆ ಇದೇ ಫ್ಯಾಬ್ರಿ-ಪೆರೋ ಕ್ಯಾವಿಟಿ, ಅಂದರೆ ಎದುರುಬದುರು ಕನ್ನಡಿಗಳ ನಡುವೆ ಬೆಳಕನ್ನು ಹಿಡಿದಿಡುವ ಜಾಗ, ಆಗುತ್ತದೆ. ರೋಹಿತದಲ್ಲಿ ಪೋಲಾರಿಟಾನ್ ಜೋಡಿ ಶಿಖರಗಳನ್ನು (ಅಣುವಿನ ಕಂಪನ ಕ್ಯಾವಿಟಿಯ ಬೆಳಕಿನೊಂದಿಗೆ ಬೆರೆತಾಗ ಒಂದು ಶಿಖರ ಎರಡಾಗುವುದನ್ನು) ತೋರಿಸಲು ಧಾರಾಳವಾಗಿ ಸಾಕು. ಈ ಬೆರಕೆಯಿಂದ ರಾಸಾಯನಿಕ ಕ್ರಿಯೆಯ ವೇಗ ಬದಲಾಗುತ್ತದೆಯೇ ಎಂದು ಅಳೆಯಲು ಹೊರಟರೆ ಮಾತ್ರ, ಕೊಂಡ ಸ್ಥಿತಿಯಲ್ಲೇ ಬಳಸಬೇಡಿ.

ದೋಷದ ಮೂಲ ಕಿಟಕಿಗಳ ನಡುವಿನ ದ್ರವದ ದಪ್ಪ. ಸ್ಟ್ರಾಸ್‌ಬರ್ಗ್‌ನ ಎಬ್ಬೆಸೆನ್ ಗುಂಪು 2016ರಲ್ಲಿ 860 ಸೆಂ.ಮೀ⁻¹ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಲೆಕ್ಕ) ಬಳಿಯ ಸಿಲಿಕಾನ್-ಕಾರ್ಬನ್ ಕಂಪನಕ್ಕೆ ಕ್ಯಾವಿಟಿಯನ್ನು ಹೊಂದಿಸಿ, ಕ್ರಿಯೆ 5.5 ಪಟ್ಟಿನವರೆಗೆ ನಿಧಾನವಾಯಿತೆಂದು ವರದಿ ಮಾಡಿತು. ಆ 860ನ್ನೇ ಹಿಡಿದು ಲೆಕ್ಕ ಹಾಕಿ: 6 ಮೈಕ್ರಾನ್ ಅಂತರ ಶೇ 1ರಷ್ಟು, ಅಂದರೆ 60 ನ್ಯಾನೊಮೀಟರ್ ಬದಲಾದರೆ, ಕ್ಯಾವಿಟಿ ಶಿಖರ 8.6 ಸೆಂ.ಮೀ⁻¹ ಸರಿಯುತ್ತದೆ. ಒಂದು ಸ್ಕ್ರೂ ತುಸು ಹೆಚ್ಚು ಬಿಗಿದರೂ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಕಿರಣ ಬೀಳುವ ಜಾಗದಲ್ಲೇ ದಪ್ಪ ಹೀಗೆ ಏರುಪೇರಾದರೆ ಕೆಲವು ಅಣುಗಳು ಅನುರಣನದಲ್ಲಿ (ಕ್ಯಾವಿಟಿಯೊಂದಿಗೆ ತಾಳ ಕೂಡಿ), ಉಳಿದವು ಹೊರಗೆ. ಶಿಖರದ ಚಲನೆಯಿಂದ ವೇಗ ಲೆಕ್ಕ ಹಾಕುವವರಿಗೆ ಇದು ನೇರವಾಗಿ ತಪ್ಪು ವೇಗಾಂಕ ಕೊಡುತ್ತದೆ.

ಪರೀಕ್ಷೆ ಸುಲಭ. ಖಾಲಿ ಸೆಲ್ಲನ್ನು ಸೋಡಿಯಂ ದೀಪದ ಕೆಳಗೆ ಹಿಡಿಯಿರಿ; ಅಂತರ ಸಮವಿಲ್ಲದಿದ್ದರೆ ಕಪ್ಪು ಪಟ್ಟೆಗಳು ಕಾಣುತ್ತವೆ. ಒಂದು ಕಪ್ಪು ಪಟ್ಟೆಯಿಂದ ಮುಂದಿನದಕ್ಕೆ ಕಿಟಕಿಗಳ ನಡುವಿನ ಅಂತರ ಸುಮಾರು 295 ನ್ಯಾನೊಮೀಟರ್ ಬದಲಾಗಿರುತ್ತದೆ. 860ರ ಬಳಿ ಅದು ಸುಮಾರು 42 ಸೆಂ.ಮೀ⁻¹ಗೆ ಸಮ. ಅಳೆಯುವ ಜಾಗದಲ್ಲಿ ಒಂದು ಪೂರ್ತಿ ಪಟ್ಟೆ ಕಂಡರೂ ಸೆಲ್ ಬಿಚ್ಚಿ, ಹೊಸ ಸ್ಪೇಸರ್ ಹಾಕಿ, ಎದುರುಬದುರು ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಬಿಗಿಯಿರಿ. ಒಮ್ಮೆ ಒತ್ತಿದ ಮೈಲಾರ್ ಮತ್ತೆ ಸಮ ಕೂರುವುದಿಲ್ಲ. ಜೊತೆಗೆ 1–2 ಮಿ.ಮೀ ರಂಧ್ರದ ತಗಡನ್ನು ಸೆಲ್ಲಿನ ಮುಂದಿಡಿ. ಸಿಗ್ನಲ್ ಕುಗ್ಗುತ್ತದೆ, ಆದರೆ ಉಳಿಯುವುದು ನಂಬಬಹುದಾದ ಸಿಗ್ನಲ್.

ಎರಡನೇ ಕೊರತೆ ತಾಪಮಾನ. ಅಗ್ಗದ ಚೌಕಟ್ಟುಗಳಲ್ಲಿ ನೀರು ಹರಿಸುವ ಜಾಕೆಟ್ ಇರುವುದಿಲ್ಲ. ಸಕ್ರಿಯಣ ಶಕ್ತಿ 80 ಕಿಲೋಜೂಲ್/ಮೋಲ್ ಇರುವ ಕ್ರಿಯೆ ಕೋಣೆಯ ಉಷ್ಣತೆಯಲ್ಲಿ ಒಂದು ಡಿಗ್ರಿಗೆ ಶೇ 11ರಷ್ಟು ವೇಗ ಬದಲಿಸುತ್ತದೆ. ಸೆನ್ಸರ್ ಲೋಹಕ್ಕಲ್ಲ, ಕಿಟಕಿಗೇ ತಾಗಿರಲಿ.

13 ಮಿ.ಮೀ ಕಿಟಕಿಯಲ್ಲಿ ಹಿಡಿಯುವ ದ್ರವ ಒಂದು ಮೈಕ್ರೋಲೀಟರ್‌ಗಿಂತ ಕಡಿಮೆ. ಸಣ್ಣ ಸೋರಿಕೆಯಲ್ಲಿ ದ್ರಾವಕ ಆವಿಯಾದರೂ ಸಾಂದ್ರತೆ ಏರುತ್ತದೆ. ಸಿಲಿಕಾ ಪದರದಲ್ಲಿ ಸೂಜಿರಂಧ್ರವಿದ್ದರೆ ಚಿನ್ನವೇ ಕ್ರಿಯೆಯಲ್ಲಿ ಕೈಹಾಕುತ್ತದೆ. ಆದ್ದರಿಂದ ಕ್ಯಾವಿಟಿಯ ಫಲಿತಾಂಶವನ್ನು ಕ್ಯುವೆಟ್ಟಿನ (ಸಾಮಾನ್ಯ ಮಾದರಿ ಪಾತ್ರೆಯ) ಫಲಿತಾಂಶದೊಂದಿಗೆ ಹೋಲಿಸುವುದು ಅರ್ಥಹೀನ. ಅದೇ ಕನ್ನಡಿ, ಅದೇ ಸೆಲ್, ಅಂತರ ಮಾತ್ರ ಬದಲಿಸಿ ಅನುರಣನದ ಎರಡೂ ಬದಿಯಲ್ಲಿ ಅಳೆಯಿರಿ. ಚಿನ್ನವಿಲ್ಲದ ಸೆಲ್ ಇನ್ನೊಂದು ಹೋಲಿಕೆ. ವೇಗ ಹೆಚ್ಚಿದೆ ಎಂದು ವರದಿಯಾಗಿದ್ದ ಬೇರೆ ಕ್ರಿಯೆಗಳನ್ನು 2021ರಲ್ಲಿ ಅಮೆರಿಕದ ಎರಡು ಗುಂಪುಗಳು ಮರುಪರೀಕ್ಷಿಸಿದಾಗ ಆ ಹೆಚ್ಚಳ ಕಾಣಲಿಲ್ಲ. ಹಾಗಾಗಿ ಈ ಹೋಲಿಕೆಗಳಿಲ್ಲದ ಫಲಿತಾಂಶವನ್ನು ಪ್ರಕಟಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊಳ್ಳುವಾಗ ಕಿಟಕಿಯ ವಸ್ತು ನೋಡಿ. ಕ್ಯಾಲ್ಸಿಯಂ ಫ್ಲೋರೈಡ್ 860ರಲ್ಲಿ ಬೆಳಕು ಬಿಡದು. ಜಿಂಕ್ ಸೆಲೆನೈಡ್ ಬೇಕು, ಆದರೆ ಅದರ ಹತ್ತಿರ ಪ್ರಬಲ ಆಮ್ಲ ಸುಳಿಯಬಾರದು. ಸ್ಪೇಸರ್‌ಗಳನ್ನು ಕಟ್ಟುಗಟ್ಟಲೆ ತರಿಸಿ.